ಎಣ್ಣೆ ಹಡಗನ್ನು ವಿಮಾನವಾಹಕವೆಂದು ಬಗೆದರು

ಪ್ರಶ್ನೆ: ಯುದ್ಧನೌಕೆಗಳಿಗೆ ನಡುಗಡಲಲ್ಲೇ ಇಂಧನ ತುಂಬಿಸುವ ಟ್ಯಾಂಕರ್ ಹಡಗುಗಳು ಕಾಳಗದ ಹೊತ್ತಿಗೆ ಎಲ್ಲಿರುತ್ತವೆ? ಅವಕ್ಕೂ ಯುದ್ಧದ ಬಿಸಿ ತಟ್ಟಿದ್ದುಂಟೆ?
– ಓದುಗರೊಬ್ಬರು, ಕಾರವಾರ

ಉತ್ತರ: ಕಾಳಗಕ್ಕೆ ಮುಂಚೆ ಅವನ್ನು ದೂರ ಕಳಿಸಿಬಿಡುವುದು ವಾಡಿಕೆ. ಎಣ್ಣೆ ಹೊತ್ತ ಹಡಗಿಗೆ ಬೆಂಕಿಯ ಭಯ ಇದ್ದೇ ಇದೆ. ಅದು ಮುಳುಗಿದರೆ ಉಳಿದ ನೌಕೆಗಳು ಬಂದರು ಸೇರುವುದೂ ಕಷ್ಟ. ಹಾಗೆ ದೂರ ಕಳಿಸಿದರೂ ಯುದ್ಧ ಹುಡುಕಿಕೊಂಡು ಬಂದದ್ದು ಅಮೆರಿಕದ ನೌಕಾಪಡೆಯ ‘ನಿಯೋಶೋ’ ಪಾಲಿಗೆ.

ನ್ಯೂಜೆರ್ಸಿಯಲ್ಲಿ ಕಟ್ಟಿದ ಈ ಟ್ಯಾಂಕರ್ 1939ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿತು. ಉದ್ದ 553 ಅಡಿ, ವೇಗ ಗಂಟೆಗೆ 18 ನಾಟಿಕಲ್ ಮೈಲಿ. ಆ ಕಾಲದ ಎಣ್ಣೆ ಹಡಗುಗಳ ನಡುವೆ ಇದು ಚುರುಕಿನದೇ. 1941ರ ಡಿಸೆಂಬರ್ 7ರ ಬೆಳಿಗ್ಗೆ ಪರ್ಲ್ ಹಾರ್ಬರ್‌ನಲ್ಲಿ ವಿಮಾನದ ಪೆಟ್ರೋಲು ಇಳಿಸಿ, ದೊಡ್ಡ ಯುದ್ಧನೌಕೆಗಳ ಸಾಲಿನ ನಡುವೆಯೇ ನಿಂತಿತ್ತು. ಪೆಟ್ರೋಲು ಇಳಿಸಿಯಾಗಿತ್ತಲ್ಲ, ಇನ್ನೇನು ಭಯ ಅನ್ನಬೇಡಿ. ಆವಿ ತುಂಬಿದ ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಬೇಗ ಸಿಡಿಯುತ್ತದೆ. ಜಪಾನಿ ಬಾಂಬುಗಳು ಬೀಳುತ್ತಿರುವಾಗಲೇ ಕ್ಯಾಪ್ಟನ್ ಜಾನ್ ಫಿಲಿಪ್ಸ್ ಹಡಗನ್ನು ಅಲ್ಲಿಂದ ಹೊರಡಿಸಿ ಬಂದರಿನ ಬೇರೆ ಕಡೆಗೆ ಸಾಗಿಸಿದರು. ಅದಕ್ಕೆ ಅವರಿಗೆ ನೇವಿ ಕ್ರಾಸ್ ಪದಕ ಬಂತು.

ಮುಂದಿನ ಐದು ತಿಂಗಳು ಅದರ ಕೆಲಸ ವಿಮಾನವಾಹಕಗಳ ಹಿಂದೆ ಸುತ್ತುತ್ತ ಎಣ್ಣೆ ಕುಡಿಸುವುದು. 1942ರ ಮೇ 6ರಂದು, ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರದಲ್ಲಿ, ‘ಯಾರ್ಕ್‌ಟೌನ್’ ವಿಮಾನವಾಹಕಕ್ಕೂ ‘ಆಸ್ಟೋರಿಯಾ’ ಕ್ರೂಸರ್‌ಗೂ ಎಣ್ಣೆ ತುಂಬಿಸಿದ ಮೇಲೆ ‘ಸಿಮ್ಸ್’ ಎಂಬ ಡೆಸ್ಟ್ರಾಯರ್‌ನ ಕಾವಲಿನಲ್ಲಿ ಅದನ್ನು ದಕ್ಷಿಣಕ್ಕೆ ಕಳಿಸಲಾಯಿತು.

ಮರುದಿನ ಬೆಳಿಗ್ಗೆ ಜಪಾನಿನ ಶೋಧಕ ವಿಮಾನವೊಂದು ಈ ಜೋಡಿಯನ್ನು ಕಂಡು, ಒಂದು ವಿಮಾನವಾಹಕ, ಒಂದು ಕ್ರೂಸರ್ ಎಂದು ಸುದ್ದಿ ಕಳಿಸಿತು. ‘ಶೋಕಾಕು’, ‘ಜುಯಿಕಾಕು’ ಎಂಬ ಜಪಾನಿ ವಿಮಾನವಾಹಕಗಳಿಂದ 78 ವಿಮಾನಗಳು ಮೇಲೆದ್ದವು. ಬಂದು ನೋಡಿದರೆ ಒಂದು ಎಣ್ಣೆ ಹಡಗು! ಹೆಚ್ಚುಕಡಿಮೆ ಎರಡು ತಾಸು ಸುತ್ತಮುತ್ತ ಹುಡುಕಿದರೂ ವಿಮಾನವಾಹಕ ಸಿಗಲಿಲ್ಲ. ಟಾರ್ಪಿಡೊ ವಿಮಾನಗಳು ಹಿಂದಿರುಗಿದವು. 36 ಡೈವ್ ಬಾಂಬರ್‌ಗಳು ಸಿಕ್ಕಿದ್ದರ ಮೇಲೆಯೇ ಎರಗಿದವು. ಸಿಮ್ಸ್ ಮೂರು ಬಾಂಬಿಗೆ ಎರಡು ತುಂಡಾಗಿ, ಸಿಬ್ಬಂದಿಯಲ್ಲಿ ಬಹುಪಾಲನ್ನು ಕೊಂಡೊಯ್ದಿತು. ನಿಯೋಶೋ ಮೇಲೆ ಏಳು ಬಾಂಬು ಬಿದ್ದವು, ಜತೆಗೆ ಒಂದು ವಿಮಾನವೂ ಬಂದು ಅಪ್ಪಳಿಸಿತು. ಅದೇ ಹೊತ್ತಿಗೆ ಅಮೆರಿಕದ ವಿಮಾನಗಳು ಜಪಾನಿನ ‘ಶೋಹೊ’ ವಿಮಾನವಾಹಕವನ್ನು ಮುಳುಗಿಸುತ್ತಿದ್ದವು.

ಆ ಶೋಧಕ ವಿಮಾನದವರನ್ನು ತೀರಾ ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಇದೇ ಮಾದರಿಯ ನಾಲ್ಕು ಟ್ಯಾಂಕರ್‌ಗಳನ್ನು ಅದೇ ವರ್ಷ ಅಮೆರಿಕನ್ನರು ನಿಜವಾಗಿಯೇ ವಿಮಾನವಾಹಕಗಳಾಗಿ ಮಾರ್ಪಡಿಸಿಕೊಂಡರು.

ಇಷ್ಟಾದರೂ ನಿಯೋಶೋ ಮುಳುಗಲಿಲ್ಲ. ಸ್ಟೀಮ್ ಸೋರುತ್ತಿದ್ದ ಕಡೆ ಆಸ್ಕರ್ ಪೀಟರ್ಸನ್ ಎಂಬ ನಾವಿಕ ತನ್ನ ಮೈ ಸುಟ್ಟಿದ್ದರೂ ವಾಲ್ವ್‌ಗಳನ್ನು ಮುಚ್ಚಿದ. ಕೆಲವೇ ದಿನಗಳಲ್ಲಿ ತೀರಿಕೊಂಡ ಆತನಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಸಂದಿತು. ದೊಡ್ಡ ಅನಾಹುತವಾದದ್ದು ಗೊಂದಲದಿಂದ. ಹಡಗು ಬಿಡಲು ಸಿದ್ಧರಾಗಿ ಎಂದು ಕ್ಯಾಪ್ಟನ್ ಹೇಳಿದ್ದನ್ನು ಕೆಲವರು ಬಿಟ್ಟೇಬಿಡಿ ಎಂದು ತಿಳಿದು ನೀರಿಗೆ ಹಾರಿದರು. ಮೇಲಾಗಿ, ಹಡಗು ಇದ್ದ ಜಾಗವನ್ನೇ ತಪ್ಪು ಗುರುತಿಸಿ ರೇಡಿಯೊದಲ್ಲಿ ತಿಳಿಸಲಾಗಿತ್ತು. ಹುಡುಕಲು ಬಂದವರಿಗೆ ಅಲ್ಲಿ ಬರೀ ನೀರು. ಕೊನೆಗೆ ಮೇ 11ರಂದು ‘ಹೆನ್ಲಿ’ ಡೆಸ್ಟ್ರಾಯರ್ 123 ಜನರನ್ನು ಹತ್ತಿಸಿಕೊಂಡು, ತೇಲುತ್ತಿದ್ದ ಒಡಲನ್ನು ತಾನೇ ಮುಳುಗಿಸಿತು. ತೆಪ್ಪಗಳಲ್ಲಿ ಕೊಚ್ಚಿಹೋಗಿದ್ದವರು 68 ಮಂದಿ. ಮೇ 16ರಂದು ‘ಹೆಲ್ಮ್’ ಡೆಸ್ಟ್ರಾಯರ್ ಅವರನ್ನು ಕಂಡಾಗ ಜೀವಂತವಾಗಿದ್ದವರು ನಾಲ್ವರು.

ನೌಕಾಪಡೆಯ ಲೆಕ್ಕದಲ್ಲಿ ನಷ್ಟ ಇಷ್ಟಕ್ಕೇ ನಿಲ್ಲಲಿಲ್ಲ. ನಿಯೋಶೋ ಇಲ್ಲವಾದ ಮೇಲೆ ಅಲ್ಲಿನ ಅಮೆರಿಕನ್ ನೌಕೆಗಳನ್ನು ಮುನ್ನಡೆಸುತ್ತಿದ್ದ ಅಡ್ಮಿರಲ್ ಫ್ಲೆಚರ್ ಪಡೆಗೆ ಇಂಧನದ್ದೇ ಚಿಂತೆಯಾಯಿತು. ಮೇ 8ರ ಕಾಳಗದಲ್ಲಿ ‘ಲೆಕ್ಸಿಂಗ್ಟನ್’ ವಿಮಾನವಾಹಕ ಕೂಡ ಹೋದದ್ದರಿಂದ ಅವರು ಆ ಸಮುದ್ರ ಬಿಟ್ಟು ಹಿಂದೆ ಸರಿದರು.