ನೋವು ಎಂದವರನ್ನು ಮೊದಲು ನಂಬಿ

ಎಂ.ಬಿ.ಬಿ.ಎಸ್. ಓದಿ ವಾರ್ಡಿಗೆ ಕಾಲಿಡುತ್ತಿರುವ ಮಕ್ಕಳೇ, ನಿಮಗೆ ಹೇಳಬೇಕಾದ ಮಾತು ಒಂದೇ. ರೋಗಿ ‘ನೋಯುತ್ತಿದೆ ಡಾಕ್ಟ್ರೇ’ ಎಂದರೆ ನಂಬಿ. ಎಕ್ಸ್‌ರೇ, ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲವೂ ‘ನಾರ್ಮಲ್’ ಎಂದು ಬಂದರೂ ನಂಬಿ. ವೈದ್ಯಶಾಸ್ತ್ರ ಈ ಪಾಠವನ್ನು ಬಹಳ ತಡವಾಗಿ ಕಲಿಯಿತು. ಕಲಿಸಿದವರಲ್ಲಿ ಮುಖ್ಯರು ಜಾನ್ ಬೋನಿಕಾ.

ಬೋನಿಕಾ ಹುಟ್ಟಿದ್ದು 1917ರಲ್ಲಿ, ಸಿಸಿಲಿಯ ಬಳಿಯ ಫಿಲಿಕುಡಿ ಎಂಬ ಪುಟ್ಟ ದ್ವೀಪದಲ್ಲಿ. ಹುಡುಗನಿದ್ದಾಗಲೇ ಮನೆಯವರೊಂದಿಗೆ ಅಮೆರಿಕಕ್ಕೆ ಹೋದರು. ತಂದೆ ಬೇಗ ತೀರಿಕೊಂಡರು. ಬೂಟ್ ಪಾಲಿಶ್ ಮಾಡಿ, ಪೇಪರ್ ಮಾರಿ ಮನೆಗೆ ನೆರವಾದರು. ವೈದ್ಯಕೀಯ ಓದಿನ ಖರ್ಚಿಗೆಂದು ಮುಖವಾಡ ತೊಟ್ಟು ‘ಮಾಸ್ಕ್ಡ್ ಮಾರ್ವೆಲ್’ ಹೆಸರಿನಲ್ಲಿ ಕುಸ್ತಿಯಾಡಿದರು. ಆ ಕುಸ್ತಿ ಮೈಯನ್ನು ಜಜ್ಜಿಹಾಕಿತು. ಹಲವು ಶಸ್ತ್ರಚಿಕಿತ್ಸೆಗಳಾದರೂ ಕೀಲುನೋವು ಕಡೆಯವರೆಗೆ ಬಿಡಲಿಲ್ಲ.

1944ರಲ್ಲಿ ಸೇನಾ ವೈದ್ಯರಾಗಿ ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಆಸ್ಪತ್ರೆಗೆ ಬಂದು ಅರಿವಳಿಕೆ ವಿಭಾಗದ ಹೊಣೆ ಹೊತ್ತಾಗ ಅವರಿಗೆ 27 ವರ್ಷ. ಯುದ್ಧದಿಂದ ಬಂದ ಗಾಯಾಳುಗಳು ಹಾಸಿಗೆ ತುಂಬಿದ್ದರು. ಕಾಲು ಕತ್ತರಿಸಿ ತಿಂಗಳುಗಳು ಕಳೆದಿದ್ದರೂ ಇಲ್ಲದ ಕಾಲಿನ ಬೆರಳು ಹಿಂಡಿದಂತಾಗುತ್ತದೆ ಎನ್ನುವ ಸೈನಿಕರು. ಗುಂಡೇಟಿನ ಗಾಯ ಮಾಯ್ದು ಚರ್ಮ ಕೂಡಿದ್ದರೂ ಕೈ ಧಗಧಗ ಉರಿಯುತ್ತದೆ, ಹೊದಿಕೆ ತಾಗಿದರೂ ಜೀವ ಹೋಗುತ್ತದೆ ಎನ್ನುವವರು. ಗಾಯ ವಾಸಿಯಾದ ಮೇಲೆ ನೋವೆಲ್ಲಿಂದ ಬಂತು? ಪಠ್ಯಪುಸ್ತಕಗಳಲ್ಲಿ ಇದಕ್ಕೆ ಉತ್ತರ ಸಿಗುತ್ತಿರಲಿಲ್ಲ. ಏಟು ತಿಂದ ನರ, ಬೆನ್ನುಹುರಿ, ಮಿದುಳು ಗಾಯ ಮಾಯ್ದ ಮೇಲೂ ನೋವಿನ ಸಂಕೇತ ಹುಟ್ಟಿಸುತ್ತಲೇ ಇರಬಲ್ಲವು ಎಂದು ಇಂದು ನಮಗೆ ಗೊತ್ತಿದೆ. ಆಗ ಇಂಥವರನ್ನು ನಾಟಕವಾಡುತ್ತಾರೆಂದು ಶಂಕಿಸುವುದು ಸುಲಭವಾಗಿತ್ತು.

ಬೋನಿಕಾ ನಂಬಿದರು. ನರದ ಸುತ್ತ ಮರಗಟ್ಟಿಸುವ ಮದ್ದಿನ ಚುಚ್ಚುಮದ್ದು ಕೊಟ್ಟು ನೋವನ್ನು ತಡೆದರು, ಅದರ ಮೂಲವನ್ನೂ ಹುಡುಕಿದರು. ಒಬ್ಬನೇ ತಜ್ಞನಿಂದ ಇದು ಬಗೆಹರಿಯದು ಎಂದು ಕಂಡುಕೊಂಡು ನರತಜ್ಞ, ಮೂಳೆತಜ್ಞ, ಮನೋವೈದ್ಯರನ್ನು ಒಂದೆಡೆ ಕೂರಿಸಿ ಒಬ್ಬೊಬ್ಬ ರೋಗಿಯ ಬಗ್ಗೆ ಚರ್ಚಿಸಿದರು. 1953ರಲ್ಲಿ ನೋವಿನ ಚಿಕಿತ್ಸೆಯ ಬಗ್ಗೆಯೇ ಬೃಹತ್ ಗ್ರಂಥ ಹೊರತಂದರು. ಮುಂದೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಲವು ತಜ್ಞರು ಒಟ್ಟಾಗಿ ನೋಡುವ ನೋವಿನ ಕ್ಲಿನಿಕ್ ಕಟ್ಟಿದರು. 1973ರಲ್ಲಿ ಅವರು ಕರೆದ ಸಭೆಯಿಂದ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಹುಟ್ಟಿತು. 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ ಅದೇ ಸಂಘ, ನೋವಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕು ಎಂದು ಸ್ಪಷ್ಟವಾಗಿ ಬರೆಯಿತು.

ನಿಮ್ಮ ಓ.ಪಿ.ಡಿ.ಗೂ ಇಂಥವರು ಬರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ವರ್ಷಗಳ ಚೀಟಿ, ಸ್ಕ್ಯಾನು. ಮೂಳೆ ಡಾಕ್ಟರು ನರದ ಡಾಕ್ಟರ ಬಳಿ ಕಳಿಸಿರುತ್ತಾರೆ, ಅವರು ಇನ್ನೊಬ್ಬರ ಬಳಿ. ದಯವಿಟ್ಟು ನೀವೂ ‘ನಿಮಗೇನೂ ಇಲ್ಲಮ್ಮ, ಎಲ್ಲ ಮನಸ್ಸಿನದು’ ಎನ್ನಬೇಡಿ. ಮನಸ್ಸಿನ ಆಘಾತ ಮೈನೋವನ್ನು ಹೆಚ್ಚಿಸುವುದು ನಿಜ, ಆದರೆ ಅದರಿಂದ ನೋವು ಸುಳ್ಳಾಗುವುದಿಲ್ಲ.

ನಂಬುತ್ತೀರೆಂದು ಕೇಳಿದಷ್ಟು ಮಾತ್ರೆ ಬರೆದುಕೊಡಲೂ ಬೇಡಿ. ಅಫೀಮಿನ ವರ್ಗದ ನೋವುನಿವಾರಕಗಳನ್ನು ಹಿಂದುಮುಂದು ನೋಡದೆ ಬರೆದುಕೊಟ್ಟ ಅಮೆರಿಕದಲ್ಲಿ ಲಕ್ಷಗಟ್ಟಲೆ ಜನ ಚಟಕ್ಕೆ ಬಿದ್ದರು. ಮದ್ದಿನ ಜೊತೆ ವ್ಯಾಯಾಮ, ಫಿಸಿಯೋಥೆರಪಿ, ನಿದ್ದೆ, ಮನೆಯವರ ಆಸರೆ, ಬೇಕಿದ್ದರೆ ಮನೋವೈದ್ಯರ ನೆರವು, ಇಷ್ಟೂ ಸೇರಿದರೇ ಚಿಕಿತ್ಸೆ.

ಆದ್ದರಿಂದ ಕುರ್ಚಿ ಎಳೆದುಕೊಂಡು ಕೂತು ಕೇಳಿ: ಎಲ್ಲಿ ನೋವು? ಎಂದಿನಿಂದ? ರಾತ್ರಿ ನಿದ್ದೆ ಬರುತ್ತದೆಯೇ? ಯಾವ ಕೆಲಸ ನಿಂತುಹೋಗಿದೆ? ಅವರು ಹೇಳಿದ್ದನ್ನು ಹೇಳಿದಂತೆಯೇ ಕೇಸ್ ಶೀಟಿನಲ್ಲಿ ಬರೆಯಿರಿ. ನಿಮಗೆ ತಿಳಿಯದಿದ್ದರೆ ತಿಳಿದವರನ್ನು ಕೇಳಲು ನಾಚಬೇಡಿ. ಯಾವ ರೋಗಿಯನ್ನೂ ಸುಳ್ಳುಗಾರರೆಂದು ಮನೆಗೆ ಕಳಿಸಬೇಡಿ.