ಮಳೆ ಹಿಡಿದಾಗ ಓದಲು

ಮೂಡಿಗೆರೆಯಲ್ಲಿ ಜೂನ್ ಮಳೆ ಹಿಡಿಯಿತೆಂದರೆ ಕರೆಂಟು ಹೋಯಿತೆಂದೇ ಲೆಕ್ಕ. ಹಗಲಲ್ಲೇ ಕಿಟಕಿ ಪಕ್ಕ ಕೂತು ಓದಿಬಿಡಿ. ಮೊದಲು ತೇಜಸ್ವಿಯವರ 'ಕರ್ವಾಲೊ'. 1980ರ ಪುಟ್ಟ ಕಾದಂಬರಿ, ಕತೆ ನಡೆಯುವುದು ನಮ್ಮದೇ ಊರಲ್ಲಿ. ಈ ಸಲ ನನ್ನನ್ನು ಹಿಡಿದಿಟ್ಟಿದ್ದು ಕತೆಯಲ್ಲಿ ಹುಡುಕುವ ಹಾರುವ ಓತಿಯಲ್ಲ, ಜೇನಿನ ಮಂದಣ್ಣ. ಊರವರ ಕಣ್ಣಿಗೆ ಉಂಡಾಡಿ. ಅವನೊಳಗಿನ ಪ್ರಕೃತಿತಜ್ಞ ಕಂಡಿದ್ದು ವಿಜ್ಞಾನಿ ಕರ್ವಾಲೊ ಅವರಿಗೆ ಮಾತ್ರ.

ಆಮೇಲೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ದಪ್ಪ ನೋಡಿ ಹೆದರಬೇಡಿ. ಶುರುವಿನಲ್ಲಿ ಹೆಸರುಗಳೆಲ್ಲ ಗೋಜಲು. ನಾನೇ ಎರಡು ಸಲ ಅಲ್ಲಿಗೇ ಕೈಬಿಟ್ಟಿದ್ದೆ. ಯಾವ ಮನೆಯವರು ಯಾರು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ನಾಯಿಗುತ್ತಿ ಮತ್ತವನ ನಾಯಿ ಹುಲಿಯನ ಬೆನ್ನು ಹತ್ತಿ. ನಡುವೆ ದಣಿವಾದರೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಇದೆ, ಒಂದೇ ಸಂಜೆಗೆ ಮುಗಿಯುತ್ತದೆ. ಮುನ್ನುಡಿಗಳನ್ನು ಮಾತ್ರ ಕೊನೆಗೆ ಓದಿ.