ಮುಂಗಡ ಕೊಟ್ಟರೆ ನೇಕಾರರು ನಿಲ್ಲುವುದಿಲ್ಲ

ರಾಮದುರ್ಗದ ಸಹೋದರಿಗೆ,

ಮಾವನವರ ನಂತರ ನಾಲ್ಕು ಪವರ್‌ಲೂಮ್ ನಿಮ್ಮ ಕೈಗೆ ಬಂದಿವೆ. ನೇಕಾರರು ನಿಲ್ಲುತ್ತಿಲ್ಲ, ‘ಹೆಣ್ಣುಮಗಳ ಮಾತು ಯಾರು ಕೇಳ್ತಾರ್ರಿ?’ ಎಂದು ಬರೆದಿದ್ದೀರಿ. ನನಗೆ ಕಾಣುವ ತೊಡಕು ಮುಂಗಡದ್ದು. ದೊಡ್ಡ ಮುಂಗಡಕ್ಕೆ ಬಂದವರು ಇನ್ನೂ ದೊಡ್ಡದು ಸಿಕ್ಕ ಕಡೆ ಹೋಗೇ ಹೋಗುತ್ತಾರೆ. ಆ ದುಡ್ಡನ್ನು ಕೂಲಿಗೆ ಸೇರಿಸಿ, ಸಂತೆಯ ಹಿಂದಿನ ದಿನ ತಪ್ಪದೆ ಬಟವಾಡೆ ಮಾಡಿ.

ಹೊಸಬರನ್ನು ಬೀಗರ ಶಿಫಾರಸಿನ ಮೇಲೆ ಸೇರಿಸಿಕೊಳ್ಳಬೇಡಿ. ಒಂದು ವಾರ ಕೂಲಿ ಕೊಟ್ಟೇ ಮಗ್ಗದ ಮುಂದೆ ನಿಲ್ಲಿಸಿ. ಹಾಸಿನ ಎಳೆ ಹರಿದಾಗ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾರೋ, ಹಾಗೇ ಓಡಿಸಿಬಿಡುತ್ತಾರೋ ನೋಡಿ. ಗಂಟು ಹಾಕುವವರನ್ನು ಇಟ್ಟುಕೊಳ್ಳಿ, ಕೈ ನಿಧಾನವಾದರೂ ಚಿಂತೆಯಿಲ್ಲ.

ನೀವೂ ಎಳೆ ಕಟ್ಟುವುದನ್ನು, ಕಂಡಿಕೆ ಸುತ್ತುವುದನ್ನು ಕಲಿಯಿರಿ. ಒಂದು ಸೀರೆಗೆ ನೂಲೆಷ್ಟು, ಕೂಲಿಯೆಷ್ಟು, ಕರೆಂಟೆಷ್ಟು ಎಂದು ದಿನಾ ಬರೆದಿಡಿ. ಲೆಕ್ಕ ಬಾಯಲ್ಲಿದ್ದರೆ ದನಿ ತಾನಾಗಿ ಗಟ್ಟಿಯಾಗುತ್ತದೆ. ನಾಲ್ಕೇ ಮಗ್ಗವೆಂದು ಅಳುಕಬೇಡಿ, ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಸಾರಿಗೆ ಉದ್ಯಮ ಶುರು ಮಾಡಿದ್ದು ಒಂದೇ ಲಾರಿಯಿಂದ. ಉದ್ಯಮಶೀಲತೆ ತರಬೇತಿಗೆ ಧಾರವಾಡದ ಸಿಡಾಕ್ ಸಂಸ್ಥೆಯಲ್ಲಿ ವಿಚಾರಿಸಿ.

ಈಗಾಗಲೇ ಕೊಟ್ಟಿರುವ ಮುಂಗಡವನ್ನು ಮಾತ್ರ ಒಮ್ಮೆಲೇ ಮುರಿದುಕೊಳ್ಳಬೇಡಿ. ಅವರ ಮನೆಯ ಒಲೆಯೂ ಉರಿಯಬೇಕಲ್ಲ. ವಾರವಾರ ಸ್ವಲ್ಪಸ್ವಲ್ಪ ಮುರಿದು, ಅವರೆದುರೇ ಚೀಟಿಯಲ್ಲಿ ಬರೆದು ಕೊಡಿ.